ಖಡಕ್ ರೊಟ್ಟಿ: ತಿಂಗಳುಗಟ್ಟಲೆ ಕೆಡದಂತೆ ಮಾಡೋದು ಹೇಗೆ, ಎಷ್ಟಕ್ಕೆ ಮಾರಬೇಕು?

ಹಿಂಗಾರಿ ಜೋಳದ ರಾಶಿ ಮುಗೀತು ಅಂದ್ರೆ ನನಗೆ ಒಂದೇ ಥರದ ಫೋನ್ ಬರೋಕೆ ಶುರು ಆಗುತ್ತೆ. "ಸರ್, ಮಾರ್ಕೆಟ್‌ನಲ್ಲಿ ರೇಟ್ ಇಲ್ಲ. ಮನೇಲೇ ಖಡಕ್ ರೊಟ್ಟಿ ಮಾಡಿ ಮಾರಿದ್ರೆ ಹೆಂಗೆ? ಅವ್ವ ಚಲೋ ರೊಟ್ಟಿ ಮಾಡ್ತಾಳೆ."

ಮಾಡಬಹುದು. ಆದರೆ ಎರಡು ವಿಷಯ ಗೊತ್ತಿರಬೇಕು. ಒಂದು, ರೊಟ್ಟಿ ಎಷ್ಟು ಒಣಗಿದರೆ ಕೆಡೋದಿಲ್ಲ ಅನ್ನೋದು. ಎರಡು, ಆ "ಚಲೋ ರೊಟ್ಟಿ ಮಾಡುವ" ಅವ್ವನ ಕೂಲಿ ಎಷ್ಟು ಅನ್ನೋದು. ಮೊದಲನೆಯದು ತಪ್ಪಿದರೆ ಪ್ಯಾಕೆಟ್ ವಾಪಸ್ ಬರುತ್ತೆ. ಎರಡನೆಯದು ತಪ್ಪಿದರೆ ವ್ಯಾಪಾರ ನಡೀತಿರುತ್ತೆ, ಆದರೆ ಮನೆಯವರ ದುಡಿಮೆಯನ್ನು ಪುಕ್ಕಟೆ ಮಾರ್ತಿರ್ತೀರಿ. ಈ ವಾರ ಎರಡನ್ನೂ ಲೆಕ್ಕದ ಸಮೇತ ನೋಡೋಣ.

ಹಡಗಿನ ಬಿಸ್ಕತ್ತು ಮತ್ತು ನಮ್ಮ ರೊಟ್ಟಿ

ಕೆಡದ ರೊಟ್ಟಿ ನಮ್ಮಲ್ಲಿ ಮಾತ್ರ ಇರೋದಲ್ಲ. ಯುರೋಪಿನ ಹಡಗುಗಳಲ್ಲಿ ನಾವಿಕರಿಗೆ 'ಹಾರ್ಡ್‌ಟ್ಯಾಕ್' ಅನ್ನೋ ಗಟ್ಟಿ ಬಿಸ್ಕತ್ತು ಕೊಡ್ತಿದ್ದರು. ಗೋಧಿ ಹಿಟ್ಟು, ನೀರು, ಉಪ್ಪು ಅಷ್ಟೇ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಹುದುಗೂ ಇಲ್ಲ. ಹದಿನೇಳನೇ ಶತಮಾನದ ಬ್ರಿಟಿಷ್ ನೌಕಾಪಡೆಯಲ್ಲಿ ಒಬ್ಬನಿಗೆ ದಿನಕ್ಕೆ 1 ಪೌಂಡ್, ಅಂದ್ರೆ ಸುಮಾರು 450 ಗ್ರಾಂ ಬಿಸ್ಕತ್ತು ಪಡಿತರ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲೂ ಸೈನಿಕರು ಇದನ್ನೇ ಕಾಫಿಯಲ್ಲಿ ನೆನೆಸಿ ತಿಂದರು. 'ಬಿಸ್ಕತ್ತು' ಅನ್ನೋ ಪದದ ಮೂಲ ಅರ್ಥವೇ 'ಎರಡು ಸಲ ಬೇಯಿಸಿದ್ದು'. ಮೊದಲ ಸಲ ಬೇಯೋಕೆ, ಎರಡನೇ ಸಲ ಒಣಗೋಕೆ.

ನಮ್ಮ ಖಡಕ್ ರೊಟ್ಟಿಯೂ ಇದೇ ತತ್ವದ ಮೇಲೆ ನಿಂತಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ದಾಸೋಹಕ್ಕೆ ಬರುತ್ತವೆ. ಅಷ್ಟು ರೊಟ್ಟಿ ಒಂದೇ ದಿನ ಬಡಿಯೋಕೆ ಆಗಲ್ಲ. ಮೊದಲೇ ಮಾಡಿ, ಒಣಗಿಸಿ, ಕಟ್ಟಿಟ್ಟು ಕಳಿಸ್ತಾರೆ. ಖಡಕ್ ಆಗಿರೋದರಿಂದಲೇ ಅದು ಸಾಧ್ಯ.

ಹಾರ್ಡ್‌ಟ್ಯಾಕ್‌ನಿಂದ ಇನ್ನೊಂದು ಪಾಠವೂ ಇದೆ. ಸೈನಿಕರು ಅದಕ್ಕೆ 'ಹುಳುಗಳ ಕೋಟೆ' ಅಂತ ಅಡ್ಡಹೆಸರು ಇಟ್ಟಿದ್ದರು. ಬಿಸ್ಕತ್ತಿಗೆ ಬೂಸ್ಟು ಬರ್ತಿರಲಿಲ್ಲ, ಆದರೆ ಹುಳು ಹೊಕ್ಕುತ್ತಿತ್ತು. ಒಣಗಿಸಿದರೆ ಬೂಸ್ಟು ನಿಲ್ಲುತ್ತೆ. ಹುಳು ನಿಲ್ಲಬೇಕಂದ್ರೆ ಪ್ಯಾಕಿಂಗ್ ಸರಿ ಇರಬೇಕು. ಇವು ಎರಡು ಬೇರೆ ಬೇರೆ ಕೆಲಸ ಅಂತ ನೆನಪಿಡಿ.

ಕೆಡೋದು ಯಾಕೆ?

ಮೆತ್ತನೆ ಬಿಸಿ ರೊಟ್ಟಿಯಲ್ಲಿ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರೇ ಇರುತ್ತೆ. ಹಾಗಾಗಿ ಎರಡು ದಿನಕ್ಕೆ ಬೂಸ್ಟು. ತೋಟಗಾರಿಕೆ ಓದುವಾಗ ಕೊಯ್ಲೋತ್ತರ ಪಾಠದಲ್ಲಿ 'ನೀರಿನ ಚಟುವಟಿಕೆ' ಅಂತ ಒಂದು ಅಳತೆ ಹೇಳಿಕೊಡ್ತಾರೆ. ಆಹಾರದಲ್ಲಿರುವ ನೀರಿನಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಗೋದು ಎಷ್ಟು ಅನ್ನೋದರ ಲೆಕ್ಕ ಅದು. ಶುದ್ಧ ನೀರಿಗೆ 1. ಈ ಅಳತೆ 0.6ಕ್ಕಿಂತ ಕೆಳಗೆ ಬಂದರೆ ಬೂಸ್ಟಾಗಲಿ ಬ್ಯಾಕ್ಟೀರಿಯಾ ಆಗಲಿ ಬೆಳೆಯಲ್ಲ.

ಮನೆಯಲ್ಲಿ ಇದನ್ನು ಅಳೆಯುವ ಯಂತ್ರ ಇರಲ್ಲ, ಬೇಕಾಗಿಯೂ ಇಲ್ಲ. ರೊಟ್ಟಿಯಲ್ಲಿ ತೇವಾಂಶ 5% ಆಸುಪಾಸಿಗೆ ಇಳಿಸಿದರೆ ನಾವು ಆ ಮಿತಿಗಿಂತ ತುಂಬಾ ಕೆಳಗೆ ಇರ್ತೀವಿ. ಅಷ್ಟು ಒಣಗಿದ ಮೇಲೆ ರೊಟ್ಟಿ ಕೆಡೋದು ಮೂರು ದಾರಿಯಲ್ಲಿ: ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗೋದು, ಜಿಡ್ಡು ಹಳಸಿ ಕಮಟು ವಾಸನೆ ಬರೋದು, ಹುಳು ಬೀಳೋದು.

ಕಮಟು ವಾಸನೆಯ ಬಗ್ಗೆ ಸ್ವಲ್ಪ ಹೇಳಬೇಕು. ಜೋಳದ ಕಾಳಿನ ಮೊಳಕೆ ಭಾಗದಲ್ಲಿ ಎಣ್ಣೆಯಂಶ ಇದೆ. ಕಾಳು ಇಡಿಯಾಗಿರುವಾಗ ಅದು ಸುರಕ್ಷಿತ. ಬೀಸಿದ ಕೂಡಲೇ ಗಾಳಿಗೆ ತೆರೆದುಕೊಂಡು ಹಳಸೋಕೆ ಶುರುವಾಗುತ್ತೆ. ಹಳೇ ಹಿಟ್ಟಿನ ರೊಟ್ಟಿ ಕಹಿ ಬರೋದು ಇದಕ್ಕೇ. ರೊಟ್ಟಿಗೆ ಎಣ್ಣೆ, ತುಪ್ಪ, ಎಳ್ಳು ಹಾಕಿದಷ್ಟೂ ಬಾಳಿಕೆ ಕಡಿಮೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಂಕ್ರಾಂತಿಗೆ ರುಚಿ. ಆದರೆ ಅದಕ್ಕೂ ಬರೀ ಜೋಳದ ರೊಟ್ಟಿಗೂ ಒಂದೇ ಬಾಳಿಕೆ ಅಂತ ಲೇಬಲ್ ಮೇಲೆ ಹಾಕಬೇಡಿ.

ಜೋಳ ಮತ್ತು ಹಿಟ್ಟು

ರೊಟ್ಟಿಗೆ ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲ್ದಂಡಿ (ಎಂ 35-1) ಎಲ್ಲರ ಮೊದಲ ಆಯ್ಕೆ. ಎರೆ ಭೂಮಿಯಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ, ಉಳಿದ ತೇವದಲ್ಲೇ ಬೆಳೆದು, ಫೆಬ್ರವರಿ–ಮಾರ್ಚ್‌ನ ಒಣ ಹವೆಯಲ್ಲಿ ಕೊಯ್ಲಿಗೆ ಬರೋದು ಇದರ ದೊಡ್ಡ ಲಾಭ. ಮುಂಗಾರಿ ಜೋಳಕ್ಕೆ ತೆನೆ ಬಲಿಯುವಾಗ ಮಳೆ ಸಿಕ್ಕರೆ ಕಾಳಿಗೆ ಬೂಸ್ಟು ಹಿಡಿಯುತ್ತೆ. ಬೂಸ್ಟು ಹಿಡಿದ ಕಪ್ಪು ಕಾಳನ್ನು ತೊಳೆದು, ಒಣಗಿಸಿ ರೊಟ್ಟಿಗೆ ಬಳಸೋಣ ಅನ್ನೋ ಯೋಚನೆ ಬೇಡ. ಬೂಸ್ಟಿನ ವಿಷ ಹಂಚಿನ ಕಾವಿಗೆ ಸಾಯಲ್ಲ.

ಕಾಳಿನ ತೇವಾಂಶ 12% ಒಳಗೆ ಇರಲಿ. ಸುಲಭ ಪರೀಕ್ಷೆ: ಒಣ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಒಂದು ಚಮಚ ಚೆನ್ನಾಗಿ ಹುರಿದು ಒಣಗಿಸಿದ ಪುಡಿ ಉಪ್ಪು ಹಾಕಿ ಅಲ್ಲಾಡಿಸಿ, ಕಾಲು ತಾಸು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಇನ್ನೂ ಹಸಿ. ಅಂಟದಿದ್ದರೆ 15%ಗಿಂತ ಕೆಳಗೆ ಬಂದಿದೆ ಅಂತ ಅರ್ಥ. ಆಮೇಲೆ ಇನ್ನೂ ಎರಡು ದಿನ ಬಿಸಿಲು ಕೊಟ್ಟು ಚೀಲಕ್ಕೆ ತುಂಬಿ. ಸಾವಯವ ಅಂತ ಮಾರುವವರು ಕಾಳು ಇಡೋಕೆ ಗಾಳಿಯಾಡದ ಒಳಚೀಲ ಬಳಸಿ. ಒಳಗಿನ ಆಮ್ಲಜನಕ ಖಾಲಿಯಾಗಿ ಹುಳು ತಾನೇ ಸಾಯುತ್ತೆ, ಗುಳಿಗೆ ಇಡುವ ಪ್ರಶ್ನೆಯೇ ಬರಲ್ಲ.

ಹಿಟ್ಟು ನುಣ್ಣಗೆ ಬೀಸಿಸಿ. ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಬೀಸಿಸಿ. ಗಿರಣಿಯಲ್ಲಿ ನಿಮಗಿಂತ ಮುಂಚೆ ಗೋಧಿ ಬೀಸಿದ್ದರೆ ಮೊದಲ ಒಂದು-ಎರಡು ಕೆಜಿ ಹಿಟ್ಟು ಬೇರೆ ಇಡಿ. ಜೋಳದಲ್ಲಿ ಗೋಧಿಯ ಅಂಟು, ಅಂದ್ರೆ ಗ್ಲುಟೆನ್ ಇಲ್ಲ. ಅದು ಮೈಗೆ ಒಗ್ಗದ ಗಿರಾಕಿಗಳೂ ನಿಮ್ಮ ರೊಟ್ಟಿ ಕೊಳ್ಳಬಹುದು. ಗೋಧಿ ಬೀಸುವ ಗಿರಣಿಯ ಹಿಟ್ಟಾದರೆ 'ಗ್ಲುಟೆನ್ ರಹಿತ' ಅಂತ ಲೇಬಲ್ ಮೇಲೆ ಬರೆಯಬೇಡಿ.

ಮಾಡುವ ವಿಧಾನ

ಮನೆಯಲ್ಲಿ ರೊಟ್ಟಿ ಮಾಡುವವರಿಗೆ ಇದನ್ನು ಹೇಳಿಕೊಡುವ ಅಗತ್ಯ ಇಲ್ಲ, ನನಗೇ ಅವರು ಹೇಳಿಕೊಟ್ಟಿದ್ದು. ಆದರೆ ಮಾರಾಟಕ್ಕೆ ಮಾಡುವಾಗ ಪ್ರತಿ ರೊಟ್ಟಿಯೂ ಒಂದೇ ಥರ ಬರಬೇಕು. ಅದಕ್ಕೆ ಅಳತೆ ಬೇಕು.

1. ಎಸರು: 1 ಕೆಜಿ ಹಿಟ್ಟಿಗೆ ಸುಮಾರು 900 ಮಿಲಿ ನೀರು, 10 ಗ್ರಾಂ ಉಪ್ಪು. ಹಿಟ್ಟಿನ ಗುಣ ನೋಡಿ ನೀರು 100 ಮಿಲಿ ಆಚೀಚೆ ಆಗಬಹುದು. ನೀರು ಕುದಿ ಬಂದಿರಬೇಕು. ಗ್ಲುಟೆನ್ ಇಲ್ಲದ ಹಿಟ್ಟನ್ನು ಹಿಡಿದಿಡೋದು ಬೆಂದ ಪಿಷ್ಟ. ಜೋಳದ ಪಿಷ್ಟ ಬೇಯೋಕೆ ಸುಮಾರು 70 ಡಿಗ್ರಿ ಕಾವು ಬೇಕು. ಉಗುರುಬೆಚ್ಚಗಿನ ನೀರಲ್ಲಿ ಕಲಸಿದರೆ ಅಂಚು ಬಿರಿಯೋದು ಇದಕ್ಕೇ.

2. ನಾದೋದು: ಹಿಟ್ಟಿನ ನಡುವೆ ಎಸರು ಸುರಿದು, ಕಟ್ಟಿಗೆಯ ಸೌಟಿನಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಕೈಗೆ ತಡೆಯುವಷ್ಟು ಆರಿದ ಮೇಲೆ ನಾದಿ. ಅಂಗೈಯ ಬುಡದಿಂದ ಒತ್ತಿ ನಾದಿದಷ್ಟೂ ಜಿಗುಟು ಬರುತ್ತೆ, ಆಮೇಲೆ ಒಡೆಯೋದು ಕಡಿಮೆ.

3. ಉಂಡೆ: ಪ್ರತಿ ಉಂಡೆ 60 ಗ್ರಾಂ. ಮೊದಲ ವಾರ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ನಾಲ್ಕು ದಿನಕ್ಕೆ ಕೈಗೇ ಅಂದಾಜು ಸಿಗುತ್ತೆ.

4. ಬಡಿಯೋದು: 8 ಇಂಚು ಅಗಲಕ್ಕೆ ಬಡಿದರೆ ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು ಬರುತ್ತೆ. ನಡುವೆ ದಪ್ಪ, ಅಂಚು ತೆಳು ಆಗಬಾರದು. ಅಂಚು ಒಣಗಿದಾಗ ನಡುವೆ ಹಸಿ ಉಳಿಯುತ್ತೆ, ಬೂಸ್ಟು ಶುರುವಾಗೋದೇ ಅಲ್ಲಿಂದ.

5. ಬೇಯಿಸೋದು: ಕಾದ ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ಸವರಿ. ನೀರು ಆರಿದ ಮೇಲೆ ತಿರುವಿ ಹಾಕಿ. ಉಬ್ಬಿದರೆ ಒಣ ಅರಿವೆಯಿಂದ ಒತ್ತಿ ಹಬೆ ಹೊರಗೆ ಬಿಡಿ. ಹಾರ್ಡ್‌ಟ್ಯಾಕ್‌ಗೆ ಸಾಲಾಗಿ ತೂತು ಚುಚ್ಚುತ್ತಿದ್ದದ್ದೂ ಹಬೆ ಹೋಗಲಿ, ಉಬ್ಬದಿರಲಿ ಅಂತಲೇ.

6. ಒಣಗಿಸೋದು: ಖಡಕ್ ಆಗೋದು ಈ ಹಂತದಲ್ಲಿ. ಉರಿ ಸಣ್ಣ ಮಾಡಿ, ಅರಿವೆಯಿಂದ ಒತ್ತುತ್ತಾ ಎರಡೂ ಮಗ್ಗಲು ತಿರುವಿ. ಕಟ್ಟಿಗೆ ಒಲೆ ಇದ್ದರೆ ಬೆಂದ ರೊಟ್ಟಿಗಳನ್ನು ಒಲೆಯ ಮಗ್ಗುಲಿಗೆ ನಿಲ್ಲಿಸಿ. ಹೆಚ್ಚು ರೊಟ್ಟಿ ಮಾಡುವವರು ಎಲ್ಲ ಬೇಯಿಸಿ ಮುಗಿಸಿ, ಆಮೇಲೆ ಡ್ರೈಯರ್‌ನಲ್ಲಿ 60–70 ಡಿಗ್ರಿಯಲ್ಲಿ ಮುರಿದರೆ 'ಟಕ್' ಅನ್ನೋವರೆಗೆ ಒಣಗಿಸಬಹುದು. ಸಮಯ ಉಳಿಸೋಕೆ ಉರಿ ಜೋರು ಮಾಡಿದರೆ ಮೇಲೆ ಕಪ್ಪು, ಒಳಗೆ ಹಸಿ.

7. ಆರಿಸೋದು: ಬೆತ್ತದ ಬುಟ್ಟಿ ಅಥವಾ ಜಾಲರಿ ಮೇಲೆ ಪೂರ್ತಿ ಆರಲಿ. ಬಿಸಿ ಇದ್ದಾಗಲೇ ಪ್ಯಾಕ್ ಮಾಡಿದರೆ ಹಬೆ ಒಳಗೇ ನೀರಾಗುತ್ತೆ. ಹಾಗಂತ ಮಳೆಗಾಲದಲ್ಲಿ ರಾತ್ರಿಯಿಡೀ ತೆರೆದಿಡಬೇಡಿ, ಗಾಳಿಯ ತೇವ ಎಳೆದುಕೊಳ್ಳುತ್ತೆ. ಆರಿತು ಅಂದ ಕೂಡಲೇ ಪ್ಯಾಕ್.

ಒಣಗಿದೆಯಾ? ತಕ್ಕಡಿಯನ್ನು ಕೇಳಿ

ಕಿವಿ, ಕೈ ಎರಡೂ ಚೆನ್ನಾಗಿಯೇ ಹೇಳ್ತವೆ. ಆದರೂ ಹೊಸ ಹಿಟ್ಟು, ಹೊಸ ಹವಾಮಾನ ಬಂದಾಗ ಒಂದು ಸಲ ತೂಕದ ಪರೀಕ್ಷೆ ಮಾಡಿ.

ಒಂದು ಬ್ಯಾಚ್‌ನಿಂದ 10 ರೊಟ್ಟಿ ತೆಗೆದು ತೂಗಿ. 300 ಗ್ರಾಂ ಬಂತು ಅಂತಿಟ್ಟುಕೊಳ್ಳಿ. ಮುರಿದು ತಟ್ಟೆಯಲ್ಲಿ ಹರಡಿ, ಒವನ್‌ನಲ್ಲಿ 105 ಡಿಗ್ರಿಗೆ ಎರಡು ತಾಸು ಇಡಿ. ಮುಚ್ಚಿದ ಡಬ್ಬಿಯಲ್ಲಿ ಆರಿಸಿ ಮತ್ತೆ ತೂಗಿ. 285 ಗ್ರಾಂ ಬಂದರೆ 15 ಗ್ರಾಂ, ಅಂದ್ರೆ 5% ನೀರು ಇತ್ತು, ಸರಿಯಾಗಿದೆ. 275ಕ್ಕೆ ಇಳಿದರೆ 8%ಗಿಂತ ಹೆಚ್ಚಿತ್ತು, ಆ ಬ್ಯಾಚನ್ನು ಇನ್ನೊಮ್ಮೆ ಒಣಗಿಸಿ. ತಕ್ಕಡಿಯ ಎರಡೂ ಅಂಕೆಗಳನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ತಾರೀಕು ಸಮೇತ ದಾಖಲೆ ಉಳಿಯುತ್ತೆ.

ಬಾಳಿಕೆ ಎಷ್ಟು ದಿನ ಅಂತ ಬರೆಯಬೇಕು? ಬೇರೆಯವರ ಪ್ಯಾಕೆಟ್ ನೋಡಿ ಬರೀಬೇಡಿ. ಒಂದೇ ಬ್ಯಾಚ್‌ನ 10 ಪ್ಯಾಕೆಟ್ ಎತ್ತಿಡಿ. 15 ದಿನಕ್ಕೊಂದು ಒಡೆದು ವಾಸನೆ, ರುಚಿ, 'ಟಕ್' ಶಬ್ದ ನೋಡಿ ಬರೆದಿಡಿ. ಐದು ತಿಂಗಳಲ್ಲಿ ನಿಮ್ಮ ರೊಟ್ಟಿಯ ಬಾಳಿಕೆ ನಿಮಗೇ ಗೊತ್ತಾಗುತ್ತೆ. ಎಲ್ಲಿ ಕಮಟು ಶುರುವಾಯಿತೋ ಅದಕ್ಕಿಂತ ಒಂದು ತಿಂಗಳು ಕಡಿಮೆ ಮಾಡಿ ಲೇಬಲ್ ಮೇಲೆ ಹಾಕಿ.

ಪ್ಯಾಕಿಂಗ್

ತೆಳು ಪ್ಲಾಸ್ಟಿಕ್ ಚೀಲದ ಮೂಲಕ ತೇವ ನಿಧಾನಕ್ಕೆ ಒಳಗೆ ಹೋಗುತ್ತೆ. ಆಹಾರಕ್ಕೆ ಯೋಗ್ಯವಾದ ದಪ್ಪ ಕವರ್ ತಗೊಂಡು ಹೀಟ್ ಸೀಲ್ ಮಾಡಿ. ಸೀಲ್ ಗೆರೆಯ ಮೇಲೆ ಹಿಟ್ಟಿನ ಪುಡಿ ಕೂತರೆ ಅಲ್ಲಿ ಸಂದಿ ಉಳಿಯುತ್ತೆ, ಕೆಂಪು ಹಿಟ್ಟಿನ ಹುಳುವಿಗೆ ಅಷ್ಟು ಸಾಕು. ಕವರಿನ ಬಾಯಿ ಒಳಗಡೆ ಒರೆಸಿ ಸೀಲ್ ಮಾಡಿ. ಮುದ್ರಿತ ನ್ಯೂಸ್‌ಪೇಪರ್‌ನಲ್ಲಿ ಆಹಾರ ಸುತ್ತೋದಕ್ಕೆ ನಿಷೇಧ ಇದೆ, ಅದು ಬೇಡ. ಮೇಲೆ-ಕೆಳಗೆ ಗಟ್ಟಿ ರಟ್ಟು ಇಟ್ಟರೆ ಸಾಗಾಟದಲ್ಲಿ ಒಡೆಯೋದು ಕಡಿಮೆ.

ಈಗ ಲೆಕ್ಕ

2025-26ಕ್ಕೆ ಕೇಂದ್ರ ಸರ್ಕಾರ ಮಾಲ್ದಂಡಿ ಜೋಳಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಆ ಬೆಲೆಗೆ ನಿಮ್ಮ ಜೋಳವನ್ನು ನೀವೇ ಕೊಂಡಿರಿ ಅಂತ ತಿಳಿದು ಲೆಕ್ಕ ಹಾಕಿ. ಉಳಿದ ಅಂಕೆಗಳು ಉದಾಹರಣೆ, ನಿಮ್ಮ ಊರಿನ ದರ ಹಾಕಿಕೊಳ್ಳಿ.

1 ಕ್ವಿಂಟಲ್‌ಗೆ ಕಸಕಡ್ಡಿ ಹೋಗಿ 97 ಕೆಜಿ ಹಿಟ್ಟು. 1 ಕೆಜಿಗೆ 30 ರೊಟ್ಟಿಯಂತೆ ಸುಮಾರು 2,900 ರೊಟ್ಟಿ. ಒಡೆದದ್ದು ತೆಗೆದು ಮಾರಾಟಕ್ಕೆ 2,700.

- ಜೋಳ: 3,749
- ಹಸನು ಮಾಡೋದು, ಬೀಸೋದು: 600
- ಕೂಲಿ: ತಾಸಿಗೆ 25 ರೊಟ್ಟಿಯಂತೆ 116 ತಾಸು, ಅಂದ್ರೆ ಹದಿನಾಲ್ಕೂವರೆ ಆಳು, ದಿನಕ್ಕೆ 400ರಂತೆ 5,800
- ಗ್ಯಾಸ್: 1,900
- 10 ರೊಟ್ಟಿಯ 270 ಪ್ಯಾಕೆಟ್‌ಗೆ ಕವರ್, ಲೇಬಲ್: 1,080
- ಸಾಗಾಟ, ಇತರೆ: 1,500

ಒಟ್ಟು 14,629 ರೂಪಾಯಿ.

ರೊಟ್ಟಿಗೆ 6 ರೂಪಾಯಿಯಂತೆ ಮಾರಿದರೆ 16,200 ಬರುತ್ತೆ, ಉಳಿಯೋದು 1,571. 8ರಂತೆ ಮಾರಿದರೆ 21,600 ಬರುತ್ತೆ, ಉಳಿಯೋದು 6,971. 5 ರೂಪಾಯಿಗೆ ಅಂಗಡಿಯವನಿಗೆ ಸಗಟು ಕೊಟ್ಟರೆ 13,500 ಬರುತ್ತೆ, 1,129 ರೂಪಾಯಿ ನಷ್ಟ.

ಎಷ್ಟೋ ಮನೆಗಳಲ್ಲಿ ಈ 5 ರೂಪಾಯಿಯ ವ್ಯಾಪಾರವೇ ನಡೀತಿದೆ, ಲಾಭ ಅಂತಲೂ ಹೇಳ್ತಾರೆ. ಹೆಂಗೆ? ಕೂಲಿ ಹಿಡಿಯಲ್ಲ. 5,800 ಬಿಟ್ಟರೆ ಪುಸ್ತಕದಲ್ಲಿ 4,671 'ಲಾಭ' ಕಾಣುತ್ತೆ. ಆ ದುಡ್ಡು ಹದಿನಾಲ್ಕು ದಿನ ಹಂಚಿನ ಮುಂದೆ ಕೂತ ಅವ್ವನದು, ಅತ್ತಿಗೆಯದು, ಹೆಂಡತಿಯದು. ಅವರಿಗೆ ಸಿಗಬೇಕಿದ್ದ ಕೂಲಿಗಿಂತಲೂ ಅದು ಸಾವಿರ ರೂಪಾಯಿ ಕಡಿಮೆ. ಟ್ರ್ಯಾಕ್ಟರ್ ಬಾಡಿಗೆ ಬರೆದಿಡುವ ನಾವು ಇದನ್ನು ಯಾಕೆ ಬರೆಯಲ್ಲ? ಮೊದಲ ಬ್ಯಾಚ್‌ನಿಂದಲೇ ಅವರ ಖಾತೆಗೆ ಯುಪಿಐ ಮಾಡಿ. ದರ ಎಷ್ಟಿಡಬೇಕು ಅನ್ನೋದು ಆವಾಗ ತಾನೇ ಗೊತ್ತಾಗುತ್ತೆ.

ಒಡೆಯೋದರ ಮೇಲೂ ಕಣ್ಣಿಡಿ. ಮೇಲಿನ ಲೆಕ್ಕದಲ್ಲಿ ನೂರಕ್ಕೆ ಏಳು ಒಡೆದಿವೆ. ಅದು ಇಪ್ಪತ್ತಕ್ಕೆ ಏರಿದರೆ 6 ರೂಪಾಯಿ ದರದಲ್ಲೂ ಐನೂರಕ್ಕಿಂತ ಹೆಚ್ಚು ನಷ್ಟ. ಒಡೆದ ರೊಟ್ಟಿ ಬಿಸಾಡಬೇಡಿ. ಒಗ್ಗರಣೆ, ಶೇಂಗಾ ಚಟ್ನಿಪುಡಿ ಹಾಕಿ ಕಲಸಿದ ರೊಟ್ಟಿ ಚೂರು ಚಹಾದ ಜೊತೆ ಖರ್ಚಾಗುತ್ತೆ. ಎಣ್ಣೆ ಇರೋದರಿಂದ ಬಾಳಿಕೆ ಕಡಿಮೆ, ಸಂತೆಗೆ ಒಯ್ಯುವ ಹಿಂದಿನ ದಿನ ಮಾಡಿ.

ಕಾಗದ ಪತ್ರ

ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ತಯಾರಕರಿಗೆ ಪೂರ್ಣ ಲೈಸೆನ್ಸ್ ಬೇಡ, ಮೂಲ ನೋಂದಣಿ ಸಾಕು. 'ಫಾಸ್ಕಾಸ್' ಪೋರ್ಟಲ್‌ನಲ್ಲಿ ಫೋನಿನಿಂದಲೇ ಅರ್ಜಿ ಹಾಕಬಹುದು. ಲೇಬಲ್ ಮೇಲೆ ಹೆಸರು, ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನ, ಬಳಕೆಯ ಅವಧಿ, ಗರಿಷ್ಠ ಬೆಲೆ, ವಿಳಾಸ, ನೋಂದಣಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇರಲಿ. 'ಸಾವಯವ' ಅಂತ ಬರೀಬೇಕಂದ್ರೆ ಅದಕ್ಕೆ ತಕ್ಕ ಪ್ರಮಾಣಪತ್ರ ಇರಬೇಕು. ವ್ಯಾಪಾರಕ್ಕೆ ಮನೆಯ ಗ್ಯಾಸ್ ಸಿಲಿಂಡರ್ ಬಳಸುವ ಹಾಗಿಲ್ಲ, ವಾಣಿಜ್ಯ ಸಿಲಿಂಡರ್ ತಗೊಳ್ಳಿ.

ಡ್ರೈಯರ್, ರೊಟ್ಟಿ ಯಂತ್ರಕ್ಕೆ ಬಂಡವಾಳ ಬೇಕಿದ್ದರೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆ ಬಗ್ಗೆ ಕೃಷಿ ಇಲಾಖೆಯಲ್ಲಿ ಕೇಳಿ. ಕೇಂದ್ರದ 35% ಸಹಾಯಧನಕ್ಕೆ ರಾಜ್ಯ ಇನ್ನೂ 15% ಸೇರಿಸುತ್ತೆ. ಸದ್ಯ ಅರ್ಜಿ ತಗೊಳ್ತಿದ್ದಾರಾ ಅಂತ ಕೇಳಿಕೊಂಡೇ ಮುಂದಿನ ಹೆಜ್ಜೆ ಇಡಿ.

ಎಲ್ಲಿ ಮಾರೋದು?

ಒಬ್ಬೊಬ್ಬರೇ ಮಾರೋದಕ್ಕಿಂತ ಗುಂಪಾಗಿ ಮಾರಿದರೆ ದರ ನಿಲ್ಲುತ್ತೆ. ಕಲಬುರಗಿ ಜಿಲ್ಲೆಯ ಮಹಿಳಾ ಸಂಘಗಳು 'ಕಲಬುರಗಿ ರೊಟ್ಟಿ' ಅನ್ನೋ ಒಂದೇ ಹೆಸರಲ್ಲಿ ಮಾರಾಟಕ್ಕೆ ಇಳಿದವು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ಮಾಡ್ತಾರೆ ಅಂತ 2025ರ ಜೂನ್‌ನ 'ಮನ್ ಕಿ ಬಾತ್'ನಲ್ಲೂ ಪ್ರಸ್ತಾಪ ಆಯಿತು. ನಿಮ್ಮ ಓಣಿಯ ನಾಲ್ಕು ಮನೆ ಸೇರಿದರೂ ಒಂದೇ ಅಳತೆ, ಒಂದೇ ಲೇಬಲ್ ಇಟ್ಟುಕೊಂಡು ಶುರು ಮಾಡಬಹುದು.

ಬೆಂಗಳೂರು, ಪುಣೆಯಲ್ಲಿರುವ ನಿಮ್ಮೂರಿನ ಹುಡುಗರೇ ಮೊದಲ ಗಿರಾಕಿಗಳು. ರೊಟ್ಟಿ ಬಡಿಯೋಕೆ ಅವರಿಗೆ ಪುರುಸೊತ್ತಿಲ್ಲ, ಆಸೆ ಮಾತ್ರ ಹೋಗಿಲ್ಲ. ವಾಟ್ಸಾಪ್ ಸ್ಟೇಟಸ್‌ನಲ್ಲಿ ವಾರಕ್ಕೊಮ್ಮೆ ಹಾಕಿ, ಮೊದಲೇ ಆರ್ಡರ್ ತಗೊಂಡು ಅಷ್ಟೇ ಮಾಡಿ. ಜೊತೆಗೆ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಬೇರೆ ಪ್ಯಾಕೆಟ್‌ನಲ್ಲಿ ಕೊಟ್ಟರೆ ಒಂದು ಆರ್ಡರ್‌ನ ಮೊತ್ತ ಏರುತ್ತೆ, ಕೊರಿಯರ್ ಖರ್ಚು ಹಗುರಾಗುತ್ತೆ.

ಯಂತ್ರದ ಜಾಹೀರಾತು ನೋಡಿ ಸಾಲಕ್ಕೆ ಓಡುವ ಮುಂಚೆ ಒಂದು ಕೆಲಸ ಮಾಡಿ. ಈ ವಾರ 5 ಕೆಜಿ ಹಿಟ್ಟು ಬೀಸಿಸಿ, 150 ರೊಟ್ಟಿ ಮಾಡಿಸಿ. ಎಷ್ಟು ತಾಸು ಹಿಡೀತು, ಎಷ್ಟು ಒಡೆದವು, 10 ರೊಟ್ಟಿ ಒಣಗಿಸಿದಾಗ ಎಷ್ಟು ಗ್ರಾಂ ಇಳೀತು, ಈ ಮೂರು ಅಂಕೆ ಬರೆದಿಡಿ. ಕ್ವಿಂಟಲ್ ಲೆಕ್ಕದಲ್ಲಿ ನನ್ನ ಅಂಕೆ ತೆಗೆದು ನಿಮ್ಮದು ಹಾಕಿ. ದರ ಆಮೇಲೆ ಹೇಳಿ, ಗಿರಾಕಿಗೆ.